‘ಹುಚ್ಚಿ’ ಅನ್ನುವ ಮಾತಿಗೆ ಹೆದರಿ ಮಾತ್ರೆ ಬಿಡಬೇಡಿ

(ಬೆಂಗಳೂರು ಗ್ರಾಮಾಂತರ ಭಾಗದ ಸ್ವಸಹಾಯ ಸಂಘಗಳ ಸದಸ್ಯೆಯರು ದೊಡ್ಡಬಳ್ಳಾಪುರದಲ್ಲಿ ಸೇರಿದ್ದಾಗ ಆಡಿದ ಮಾತುಗಳ ಬರಹರೂಪ)



ಈ ಸಭೆಗೆ ನನ್ನನ್ನು ಕರೆದ ಅಕ್ಕ ಫೋನಿನಲ್ಲಿ ಒಂದು ಮಾತು ಹೇಳಿದರು. “ಕರಪತ್ರದಲ್ಲಿ ಮಾನಸಿಕ ಅಂತ ಹಾಕೋದು ಬೇಡ ಮೇಡಂ, ಯಾರೂ ಬರೋಲ್ಲ. ಮಹಿಳೆ ಮತ್ತು ಆರೋಗ್ಯ ಅಂತ ಹಾಕ್ತೀವಿ.” ಅವರ ಲೆಕ್ಕ ಸರಿಯಾಗಿದೆ, ಕೂರಲು ಜಾಗವಿಲ್ಲದಷ್ಟು ಜನ ಬಂದಿದ್ದೀರಿ. ಸಕ್ಕರೆ ಕಾಯಿಲೆಗೆ, ಬಿ.ಪಿ.ಗೆ ಮಾತ್ರೆ ನುಂಗುವುದನ್ನು ನಾವು ಯಾರಿಗೂ ಮುಚ್ಚಿಡುವುದಿಲ್ಲ. ಮನಸ್ಸಿಗೆ ಕೊಟ್ಟ ಮಾತ್ರೆಯನ್ನು ಮಾತ್ರ ಅಕ್ಕಿ ಡಬ್ಬದೊಳಗೆ ಬಚ್ಚಿಡುತ್ತೇವೆ. ಹೀಗೆ ಬಚ್ಚಿಡುವುದಕ್ಕೂ ನಮ್ಮ ಮನೆಗಳಲ್ಲಿ ಹೆಣ್ಣಿನ ಮೇಲೆ ನಡೆಯುವ ದೌರ್ಜನ್ಯಕ್ಕೂ ನೇರವಾದ ಸಂಬಂಧವಿದೆ. ನಾನು ಮಾತಾಡಬೇಕೆಂದಿರುವುದು ಅದರ ಬಗ್ಗೆಯೇ.

ನಾನು ವೈದ್ಯೆಯಲ್ಲ. ಪೆಟ್ಟು ತಿಂದು, ಮನೆಯಿಂದ ಹೊರದೂಡಿಸಿಕೊಂಡು ಬಂದ ಹೆಂಗಸರ ಜೊತೆ ಕೂತು ಮಾತಾಡುವ, ಅವರ ಜೊತೆ ಆಸ್ಪತ್ರೆಗೆ, ಠಾಣೆಗೆ, ಕೋರ್ಟಿಗೆ ಓಡಾಡುವ ಆಪ್ತಸಮಾಲೋಚಕಿ. ಹಾಗೆ ಬಂದವರಲ್ಲಿ ಈ ಭಾಗದ ಒಬ್ಬ ಹೆಣ್ಣುಮಗಳು. ಹೆಸರು, ಊರು ಹೇಳುವುದಿಲ್ಲ. ಪವರ್‌ಲೂಮ್ ಇರುವ ಮನೆಗೆ ಸೊಸೆಯಾಗಿ ಬಂದವಳು. ಬೆಳಗಿನಿಂದ ರಾತ್ರಿಯವರೆಗೆ ಮಗ್ಗದ ಸದ್ದು. ಆ ಸದ್ದಿನಲ್ಲಿ ಒಳಗಿನ ಪೆಟ್ಟಿನ ಸದ್ದು ಪಕ್ಕದ ಮನೆಗೆ ಕೇಳುವುದಿಲ್ಲ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾಯಿತು, ಸುತ್ತಮುತ್ತಲ ಜಮೀನಿನ ಬೆಲೆ ಏರಿತು, ವರದಕ್ಷಿಣೆಯ ಭಾಷೆಯೂ ಬದಲಾಯಿತು. ಮೊದಲು ಸರ, ಬಳೆ, ಸ್ಕೂಟರ್ ಕೇಳುತ್ತಿದ್ದವರು ಈಗ “ನಿಮ್ಮಪ್ಪ ಜಮೀನು ಮಾರಿದನಲ್ಲ, ನಮಗೆ ಬರಬೇಕಾದ್ದು ಎಲ್ಲಿ” ಅನ್ನುತ್ತಾರೆ. ಇವಳಿಗೂ ಅದೇ ಆಯಿತು.

ಎರಡು ವರ್ಷದಲ್ಲಿ ಇವಳ ನಿದ್ದೆ ಹೋಯಿತು. ಬೆಳಗಿನ ಜಾವ ಮೂರಕ್ಕೆ ಎಚ್ಚರವಾದರೆ ಮತ್ತೆ ಕಣ್ಣು ಮುಚ್ಚುತ್ತಿರಲಿಲ್ಲ. ಒಲೆ ಮೇಲೆ ಹಾಲಿಟ್ಟು ಮರೆಯುತ್ತಿದ್ದಳು. ಮಗುವನ್ನು ಎತ್ತಿಕೊಂಡರೂ ಒಳಗೆ ಏನೂ ಅನಿಸುತ್ತಿರಲಿಲ್ಲವಂತೆ. ತವರಿನವರು ಆಸ್ಪತ್ರೆಗೆ ಕರೆದೊಯ್ದರು. ವೈದ್ಯರು ಖಿನ್ನತೆ ಎಂದು ಬರೆದು ಮಾತ್ರೆ ಕೊಟ್ಟರು. ಆ ಚೀಟಿ ಗಂಡನ ಕೈಗೆ ಸಿಕ್ಕಿತು. ಒಂದು ತಿಂಗಳೊಳಗೆ ವಕೀಲರ ನೋಟಿಸು ಬಂತು: ಹುಚ್ಚನ್ನು ಮುಚ್ಚಿಟ್ಟು ಮದುವೆ ಮಾಡಿದ್ದಾರೆ, ವಿಚ್ಛೇದನ ಬೇಕು, ಮಗುವನ್ನು ಇಂಥವಳ ಕೈಯಲ್ಲಿ ಬಿಡಲಾಗದು. ನೋಟಿಸು ಓದಿಸಿಕೊಂಡು ಕೇಳಿದ ರಾತ್ರಿಯೇ ಅವಳು ಮಾತ್ರೆಗಳನ್ನೆಲ್ಲ ಮೋರಿಗೆ ಸುರಿದಳು. “ಮಾತ್ರೆ ತಿಂದರೆ ಹುಚ್ಚಿ ಅಂತ ಒಪ್ಪಿಕೊಂಡಂಗೆ ಅಲ್ವೇನಕ್ಕ?” ಅಂತ ನನ್ನನ್ನು ಕೇಳಿದಳು.

ನೋಡಿ ಹೇಗಿದೆ ವ್ಯವಸ್ಥೆ. ಕಾಯಿಲೆ ಬರಿಸುವುದೂ ಅವರೇ, ಕಾಯಿಲೆ ಇದೆ ಅಂತ ಹೊರಗೆ ಹಾಕುವುದೂ ಅವರೇ. ಇವಳ ಪ್ರಶ್ನೆಗೆ ಉತ್ತರ ಕಾನೂನಿನಲ್ಲಿದೆ, ಅದಕ್ಕೆ ಬರುತ್ತೇನೆ. ಮೊದಲು ಈ ಕಾಯಿಲೆಗಳೆಂದರೆ ಏನು ಅಂತ ನೋಡೋಣ.

ಖಿನ್ನತೆ ಅಂದರೆ ಬರೀ ದುಃಖವಲ್ಲ. ಸಾವಾದ ಮನೆಯಲ್ಲಿ ಅಳುವುದು ಕಾಯಿಲೆಯಲ್ಲ. ಎರಡು ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ, ದಿನದ ಬಹುಪಾಲು ಮನಸ್ಸು ಕುಗ್ಗಿ, ಇಷ್ಟಪಟ್ಟು ಮಾಡುತ್ತಿದ್ದ ಯಾವುದರಲ್ಲೂ ಆಸೆ ಇಲ್ಲದೆ, ನಿದ್ದೆ ಊಟ ಏರುಪೇರಾಗಿ, ಮೈಯಲ್ಲಿ ಶಕ್ತಿ ಇಲ್ಲದಂತಾಗಿ, ‘ನಾನು ಯಾವುದಕ್ಕೂ ಬೇಡದವಳು’ ಅನ್ನುವ ಯೋಚನೆ ಕೊರೆಯುತ್ತಿದ್ದರೆ ಅದು ಖಿನ್ನತೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಸುಮಾರು ಒಂದೂವರೆ ಪಟ್ಟು. ಗಂಡನಿಂದ ಹಿಂಸೆ ಅನುಭವಿಸಿದವರಲ್ಲಿ ಖಿನ್ನತೆಯ ಸಂಭವ ಹೆಚ್ಚುಕಡಿಮೆ ಎರಡು ಪಟ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಹೇಳಿತು. ಹೆಣ್ಣಿನ ಮನಸ್ಸು ಹುಟ್ಟಿನಿಂದಲೇ ದುರ್ಬಲ ಅನ್ನುವವರು ಈ ಎರಡನೆಯ ಅಂಕಿಗೆ ಉತ್ತರ ಹೇಳಬೇಕು.

ನಮ್ಮ ಹೆಂಗಸರು ಮಾತ್ರ “ನನಗೆ ಖಿನ್ನತೆ” ಅಂತ ಬರುವುದಿಲ್ಲ. “ತಲೆ ಸಿಡೀತದೆ, ಅಂಗಾಲು ಉರೀತದೆ, ಸೊಂಟ ಬಿದ್ದೋಗ್ತದೆ, ಬಿಳಿ ಹೋಗ್ತದೆ” ಅಂತ ಬರುತ್ತಾರೆ. ಗೋವಾದಲ್ಲಿ ಡಾ. ವಿಕ್ರಮ್ ಪಟೇಲ್ ಮತ್ತು ಅವರ ಜೊತೆಗಾರರು ಹೆಂಗಸರ ಬಿಳಿ ಹೋಗುವ ದೂರನ್ನು ಅಧ್ಯಯನ ಮಾಡಿದಾಗ, ಅದರ ಜೊತೆ ಮನಸ್ಸಿನ ಸಂಕಟ ಬಲವಾಗಿ ಹೆಣೆದುಕೊಂಡಿರುವುದು ಕಂಡಿತು. ಹಾಗಂತ ಬಿಳಿ ಹೋಗುವುದನ್ನು ತಪಾಸಣೆ ಮಾಡಿಸದೆ ಬಿಡಬೇಡಿ. ರಕ್ತಹೀನತೆ, ಥೈರಾಯ್ಡ್ ಕೂಡ ಸುಸ್ತು ತರುತ್ತವೆ, ಆ ಪರೀಕ್ಷೆಯೂ ಆಗಲಿ. ಆದರೆ ಎಲ್ಲ ಪರೀಕ್ಷೆಯಲ್ಲೂ ‘ಏನೂ ಇಲ್ಲ’ ಅಂತ ಬಂದು, ಗ್ಲೂಕೋಸ್ ಹಾಕಿಸಿ, ಸೂಜಿ ಹಾಕಿಸಿ ವರ್ಷಗಟ್ಟಲೆ ದುಡ್ಡು ಸುರಿಯುತ್ತಿದ್ದರೆ, ವೈದ್ಯರು ಒಂದು ಪ್ರಶ್ನೆ ಕೇಳಬೇಕಿತ್ತು: ಮನೆಯಲ್ಲಿ ಹೇಗಿದ್ದೀಯಮ್ಮ? ಅವರು ಕೇಳದಿದ್ದರೆ ನಾವೇ ಬಾಯಿ ಬಿಟ್ಟು ಹೇಳಬೇಕು.

ನಿಮಗೆ ಗೊತ್ತಿರಬಹುದು, ವಿಮೋಚನಾ ಸಂಘಟನೆ 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಮದುವೆಯಾದ ಹೆಣ್ಣುಮಕ್ಕಳ ಅಸಹಜ ಸಾವುಗಳನ್ನು ಕೆದಕಿ ನೋಡಿತು. ‘ಸ್ಟವ್ ಸಿಡಿದು’, ‘ಹೊಟ್ಟೆನೋವು ತಾಳಲಾರದೆ’ ಎಂದು ಬರೆದು ಮುಚ್ಚಿದ ಕಡತಗಳ ಹಿಂದೆ ಏನಿದೆ ಎಂದು ಕೇಳಿತು. ಪತ್ರಿಕೆಯ ಮೂಲೆಯಲ್ಲಿ ಆ ಹೊಟ್ಟೆನೋವಿನ ಸುದ್ದಿ ಇವತ್ತಿಗೂ ಕಣ್ಣಿಗೆ ಬೀಳುತ್ತದೆ. ಯಾವ ಹೊಟ್ಟೆನೋವು, ಎಷ್ಟು ದಿನದ್ದು, ಯಾರಿಗೆ ಹೇಳಿಕೊಂಡಿದ್ದಳು ಎಂದು ಯಾರೂ ಬರೆಯುವುದಿಲ್ಲ.

ಆತಂಕದ ಕಾಯಿಲೆ ಇನ್ನೊಂದು. ಸಂಜೆ ಅವನ ಬೈಕಿನ ಸದ್ದು ಕೇಳಿದರೆ ಎದೆ ಡವಡವ, ಕೈ ತಣ್ಣಗೆ. ಕೆಲವರಿಗೆ ಯಾವ ಸದ್ದೂ ಇಲ್ಲದೆ ಬಸ್ಸಿನಲ್ಲಿ, ಗಾರ್ಮೆಂಟ್ಸ್ ಲೈನಿನಲ್ಲಿ ಹೊಲಿಯುತ್ತಾ ಕೂತಾಗ, ಇದ್ದಕ್ಕಿದ್ದಂತೆ ಉಸಿರು ಕಟ್ಟಿ, ಈಗಲೇ ಪ್ರಾಣ ಹೋಗುತ್ತದೆ ಅನಿಸುತ್ತದೆ. ಕೆಲವೇ ನಿಮಿಷದಲ್ಲಿ ಅದು ತುದಿ ಮುಟ್ಟಿ ಇಳಿಯುತ್ತದೆ. ಹೃದಯದ ತಪಾಸಣೆಯಲ್ಲಿ ಏನೂ ಸಿಗದಿದ್ದರೆ ಅದು ಪ್ಯಾನಿಕ್ ಇರಬಹುದು. ಸಾಯಲು ಹೊರಟವಳ ಹಾಗೆ ಕಂಡರೂ ಅದರಿಂದ ಸಾವು ಬರುವುದಿಲ್ಲ. ಇನ್ನು ಆಘಾತದ ಬೇನೆ. ತವರಿಗೆ ಬಂದು ತಿಂಗಳುಗಳಾದ ಮೇಲೂ ಆ ರಾತ್ರಿ ಕಣ್ಣಮುಂದೆ ಮತ್ತೆ ಮತ್ತೆ ನಡೆಯುತ್ತದೆ, ಸೀಮೆಎಣ್ಣೆ ವಾಸನೆ ಬಂದರೆ ಮೈ ನಡುಗುತ್ತದೆ. “ಆಗಿದ್ದು ಆಗೋಯ್ತು, ಮರೆತುಬಿಡು” ಅನ್ನುತ್ತೇವೆ. ಮರೆಯುವುದಕ್ಕೆ ಬಿಡದಿರುವುದೇ ಆ ಕಾಯಿಲೆ.

ಗೀಳನ್ನು ನಮ್ಮಲ್ಲಿ ಮಡಿ ಅಂತ ಹೊಗಳಿಬಿಡುತ್ತಾರೆ. ದಿನಕ್ಕೆ ನಲವತ್ತು ಸಲ ಕೈ ತೊಳೆದು ಚರ್ಮ ಸುಲಿದರೂ ಕೊಳೆ ಹೋಗಿಲ್ಲ ಅನಿಸಿದರೆ ಅದು ಮಡಿಯಲ್ಲ. ಬಾಣಂತಿಯರ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಹೆರಿಗೆಯಾದ ಮೊದಲ ವಾರಗಳಲ್ಲಿ ನಿದ್ದೆಗೆಟ್ಟು, ಅರ್ಥವಿಲ್ಲದ ಮಾತಾಡಿ, ಮಗುವಿನ ಬಗ್ಗೆ ವಿಚಿತ್ರ ಸಂಶಯ ಪಡುವುದನ್ನು ನಮ್ಮ ಅಜ್ಜಿಯರು ಬಾಣಂತಿ ಸನ್ನಿ ಅನ್ನುತ್ತಿದ್ದರು. ಅದು ಗಾಳಿ ಸೋಂಕಲ್ಲ, ತಡಮಾಡಬಾರದ ಕಾಯಿಲೆ, ಅವತ್ತೇ ಆಸ್ಪತ್ರೆಗೆ ಹೋಗಬೇಕು. ತಾಯಿ ಮಗುವನ್ನು ಬೇರೆ ಮಾಡದೆ ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಿಭಾಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ಇದೆ.

ಮೈಮೇಲೆ ಬರುವುದನ್ನು ಕೇಳದೆ ನೀವು ಬಿಡುವುದಿಲ್ಲ. 1970ರ ದಶಕದಲ್ಲಿ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಎಂಬ ಇಬ್ಬರು ಮನೋವೈದ್ಯರು ನಮ್ಮ ಕರಾವಳಿಯ ಕೋಟದಲ್ಲಿದ್ದುಕೊಂಡು ಜನರ ಮನಸ್ಸಿನ ತೊಂದರೆಗಳನ್ನು ಅಧ್ಯಯನ ಮಾಡಿದರು. ಅಲ್ಲಿಯ ಜನ ಮಂತ್ರವಾದಿ, ಪಾತ್ರಿಗಳ ಹತ್ತಿರವೂ ಹೋಗುತ್ತಿದ್ದರು, ಡಾಕ್ಟರ ಹತ್ತಿರವೂ ಹೋಗುತ್ತಿದ್ದರು. ನಾವೂ ಹಾಗೇ. ಘಾಟಿಗೆ ಹರಕೆ ಹೊತ್ತುಕೊಳ್ಳಿ, ನನ್ನ ತಕರಾರಿಲ್ಲ. ಬಾಯಿ ಬಿಡಲು ಜಾಗವೇ ಇಲ್ಲದ ಸೊಸೆ ದೇವರು ಬಂದಾಗ ಮಾತ್ರ ಅತ್ತೆಗೆ ಎದುರಾಡಬಲ್ಲಳು, ಅದೂ ನನಗೆ ಅರ್ಥವಾಗುತ್ತದೆ. ಆದರೆ ದೆವ್ವ ಬಿಡಿಸುತ್ತೇವೆ ಅಂತ ಬಾರಿಸುವುದು, ಕೂಡಿಹಾಕುವುದು, ಬರೆ ಹಾಕುವುದು ಚಿಕಿತ್ಸೆಯಲ್ಲ. 2020ರಿಂದ ಜಾರಿಯಲ್ಲಿರುವ ಕರ್ನಾಟಕದ ವಾಮಾಚಾರ ತಡೆ ಕಾಯ್ದೆಯಲ್ಲಿ ಅದು ಅಪರಾಧ. ಸರಪಳಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ನಿಷೇಧಿಸಿದೆ. ಅರಿವಳಿಕೆ ಕೊಡದೆ ಕರೆಂಟ್ ಚಿಕಿತ್ಸೆ ಮಾಡುವುದೂ ಅದೇ ಕಾಯ್ದೆಯಲ್ಲಿ ನಿಷಿದ್ಧ. ಸಿನಿಮಾದಲ್ಲಿ ನೋಡಿ ಹೆದರಿರುವವರಿಗೆ ಇದನ್ನು ಹೇಳುತ್ತಿದ್ದೇನೆ.

ಇನ್ನು ಚಿಕಿತ್ಸೆ. ಖಿನ್ನತೆ, ಆತಂಕಕ್ಕೆ ಕೊಡುವ ಮುಖ್ಯ ಮಾತ್ರೆಗಳು, ಫ್ಲೂಕ್ಸೆಟಿನ್, ಎಸಿಟಲೋಪ್ರಾಮ್ ಮುಂತಾದವು, ಚಟ ಹಿಡಿಸುವ ಮಾತ್ರೆಗಳಲ್ಲ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸಬಹುದು, ತಲೆನೋವು ಬರಬಹುದು, ಅಲ್ಲಿಗೇ ನಮ್ಮವರು ನಿಲ್ಲಿಸಿಬಿಡುತ್ತಾರೆ. ವಾಸಿಯಾಯಿತು ಅನಿಸಿದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಿ, ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು. ಚಟ ಹಿಡಿಸುವುದು ನಿದ್ದೆ ಮಾತ್ರೆಗಳು. ಅಲ್‌ಪ್ರಜೋಲಾಂ, ಡಯಾಜೆಪಾಂ ಇಂಥವನ್ನು ಹಳೆಯ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ತಿಂಗಳುಗಟ್ಟಲೆ ಕೊಳ್ಳಬೇಡಿ. ಈಗಾಗಲೇ ತುಂಬ ದಿನದಿಂದ ನುಂಗುತ್ತಿದ್ದರೆ ಒಮ್ಮೆಗೇ ನಿಲ್ಲಿಸಲೂ ಬೇಡಿ, ವೈದ್ಯರನ್ನು ಕೇಳಿ.

ಮಾತಿನ ಚಿಕಿತ್ಸೆ ಅಂದರೆ ನಗುತ್ತಾರೆ. “ಮಾತಾಡಿದರೆ ಕಾಯಿಲೆ ಹೋಗೋದಾದ್ರೆ ಬೋರ್‌ವೆಲ್ ಹತ್ತಿರ ನಾವು ಮಾತಾಡೋದಕ್ಕೆ ಎಲ್ಲಾ ವಾಸಿಯಾಗ್ಬೇಕಿತ್ತು” ಅಂತ ಹೊಸಕೋಟೆಯ ಒಬ್ಬ ಅಜ್ಜಿ ಹೇಳಿದ್ದರು. ಚಿಕಿತ್ಸೆಯ ಮಾತಿಗೆ ಒಂದು ಕ್ರಮವಿದೆ. ಖಿನ್ನತೆಯಲ್ಲಿ ಮನಸ್ಸಿಲ್ಲ ಅಂತ ಕೆಲಸ ಬಿಡುತ್ತೇವೆ, ಜನ ಬಿಡುತ್ತೇವೆ, ಬಿಟ್ಟಷ್ಟೂ ಮನಸ್ಸು ಇನ್ನೂ ಕುಸಿಯುತ್ತದೆ. ಹಾಗಾಗಿ ಮನಸ್ಸು ಬರಲಿ ಅಂತ ಕಾಯದೆ ಸಣ್ಣದೊಂದನ್ನು ಮೊದಲು ಮಾಡಿಸುತ್ತಾರೆ. ಬೆಳಿಗ್ಗೆ ಹತ್ತು ನಿಮಿಷ ಹೊರಗೆ ನಡೆಯುವುದು, ವಾರಕ್ಕೊಮ್ಮೆ ಗೆಳತಿಯ ಮನೆಗೆ ಹೋಗುವುದು. ಮುಂದಿನ ವಾರ ಕೂತು, ಏನು ಮಾಡಿದೆ, ಹೇಗನಿಸಿತು, ಯಾವುದು ಅಡ್ಡ ಬಂತು ಎಂದು ನೋಡುತ್ತಾರೆ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇದನ್ನು ಆರರಿಂದ ಎಂಟು ಭೇಟಿಗಳಲ್ಲಿ ಮಾಡಿ ನೋಡಿದರು. ಮಾಡಿದವರು ಮನೋವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ತೀವ್ರ ಖಿನ್ನತೆ ಇದ್ದವರಿಗೂ ಗುಣ ಕಂಡಿತು. ಅದರ ವರದಿ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಆಫ್ರಿಕಾದ ಜಿಂಬಾಬ್ವೆಯಲ್ಲಿ 2006ರಲ್ಲಿ ಡಾ. ಡಿಕ್ಸನ್ ಚಿಬಾಂಡ 14 ಮಂದಿ ಅಜ್ಜಿಯರಿಗೆ ತರಬೇತಿ ಕೊಟ್ಟು, ಆಸ್ಪತ್ರೆಯ ಅಂಗಳದ ಮರದ ಬೆಂಚಿನ ಮೇಲೆ ಕೂರಿಸಿದರು. ಅಲ್ಲಿಯ ಜನ ಖಿನ್ನತೆಗೆ ಬಳಸುವ ಮಾತಿನ ಅರ್ಥ ‘ಅತಿಯಾಗಿ ಯೋಚಿಸುವುದು’ ಅಂತ. ನಮ್ಮವರೂ “ಯೋಚನೆ ಜಾಸ್ತಿ ಆಗದೆ” ಅನ್ನುವುದಿಲ್ಲವೇ?

ಇನ್ನೊಂದು ಬಗೆ ಯೋಚನೆಯನ್ನೇ ಹಿಡಿದು ಪರೀಕ್ಷಿಸುವುದು. ‘ನನ್ನ ಕಾಲ್ಗುಣದಿಂದಲೇ ಈ ಮನೆ ಹಾಳಾಯಿತು’ ಅನ್ನುವ ಯೋಚನೆ ಬಂತು ಅನ್ನಿ. ಅದಕ್ಕೆ ಸಾಕ್ಷಿ ಏನು, ವಿರುದ್ಧ ಸಾಕ್ಷಿ ಏನು, ನಿನ್ನ ತಂಗಿ ಹೀಗೆ ಅಂದುಕೊಂಡರೆ ನೀನೇನು ಹೇಳುತ್ತಿದ್ದೆ ಎಂದು ಜೊತೆಗೆ ಕೂತು ಬಿಡಿಸುತ್ತಾರೆ. ಗೀಳಿಗೆ, ಕೈ ತೊಳೆಯಬೇಕೆನ್ನುವ ತಹತಹವನ್ನು ತೊಳೆಯದೆಯೇ ಸ್ವಲ್ಪ ಸ್ವಲ್ಪ ಹೊತ್ತು ತಡೆದುಕೊಳ್ಳುವ ಅಭ್ಯಾಸ ಮಾಡಿಸುತ್ತಾರೆ. ಅದು ತಾನಾಗೇ ಇಳಿಯುವುದು ಅನುಭವಕ್ಕೆ ಬರುತ್ತದೆ.

ಇಲ್ಲಿ ನಾವು ಸ್ತ್ರೀವಾದಿಗಳು ಎಚ್ಚರವಾಗಿರಬೇಕಾದ ಜಾಗವಿದೆ. ‘ಇವತ್ತು ರಾತ್ರಿ ಅವನು ಹೊಡೆಯುತ್ತಾನೆ’ ಅನ್ನುವುದು ತಪ್ಪು ಯೋಚನೆಯಲ್ಲ, ಅನುಭವದಿಂದ ಬಂದ ಲೆಕ್ಕ. ಅದನ್ನು ತಿದ್ದಲು ಹೋಗುವ ಸಮಾಲೋಚಕಿ ಆ ಹೆಂಗಸಿಗೆ ದ್ರೋಹ ಮಾಡುತ್ತಾಳೆ. ಅಲ್ಲಿ ಕೇಳಬೇಕಾದ್ದು, ರಾತ್ರಿ ಎಲ್ಲಿರುತ್ತೀಯ, ಮಕ್ಕಳೆಲ್ಲಿ, ಯಾರಿಗೆ ಫೋನ್ ಮಾಡುತ್ತೀಯ, ರೇಷನ್ ಕಾರ್ಡು, ಪಾಸ್‌ಬುಕ್ಕು ಎಲ್ಲಿವೆ ಎಂದು. ಹಾಗೆಯೇ ಗಂಡ ಹೆಂಡತಿಯನ್ನು ಎದುರುಬದುರು ಕೂರಿಸಿ, “ನೀನೂ ಸ್ವಲ್ಪ ಅನುಸರಿಸಿಕೊಂಡು ಹೋಗಮ್ಮ” ಎಂದು ಸಹಿ ಹಾಕಿಸಿ ಕಳಿಸುವುದಕ್ಕೆ ಎಷ್ಟೋ ಕಡೆ ಕೌನ್ಸೆಲಿಂಗ್ ಅಂತ ಬೋರ್ಡು ಹಾಕಿದ್ದಾರೆ. ಅದು ರಾಜಿ ಪಂಚಾಯ್ತಿ. ಹೊಡೆತ ನಡೆಯುತ್ತಿರುವಾಗ ಇಬ್ಬರನ್ನೂ ಒಟ್ಟಿಗೆ ಕೂರಿಸಿದರೆ ಅವಳು ನಿಜ ಹೇಳಲಾರಳು. ಹೇಳಿದರೆ ಮನೆಗೆ ಹೋದ ಮೇಲೆ ಬೆಲೆ ತೆರುತ್ತಾಳೆ.

“ಅವನಿಗೇ ಮಾನಸಿಕ, ಅದಕ್ಕೇ ಹೊಡೀತಾನೆ” ಅನ್ನುವ ಅಮ್ಮಂದಿರೂ ಇದ್ದಾರೆ. ಕುಡಿತದ ಚಟ ಕಾಯಿಲೆಯೇ, ಅದಕ್ಕೆ ಚಿಕಿತ್ಸೆಯೂ ಇದೆ, ಕೊಡಿಸಿ. ಹೆಂಡತಿಯ ಮೇಲೆ ಬುಡವಿಲ್ಲದ ಅನುಮಾನ ಹುಚ್ಚುಗಟ್ಟಿ ಬೆಳೆಯುವುದೂ ಕೆಲವರಲ್ಲಿ ಕಾಯಿಲೆ, ಅದು ಅಪಾಯದ ಕಾಯಿಲೆ. ಆದರೆ ಮಗ್ಗದ ಸಾಹುಕಾರ ಕೂಲಿ ಹಿಡಿದಾಗ ತಲೆ ಬಗ್ಗಿಸಿ ನಿಂತು, ಮನೆಗೆ ಬಂದು ಸಾರಿಗೆ ಉಪ್ಪು ಕಡಿಮೆ ಅಂತ ತಟ್ಟೆ ಎಸೆಯುವವನಿಗೆ ಕೋಪ ತಡೆಯುವುದು ಚೆನ್ನಾಗಿ ಗೊತ್ತಿದೆ. ಅದಕ್ಕೆ ಮಾತ್ರೆ ಇಲ್ಲ.

ಈಗ ಆ ನೋಟಿಸಿನ ವಿಚಾರ. 2017ರ ಕಾಯ್ದೆಯ ಮೂರನೆಯ ಕಲಮನ್ನು ನಿಮ್ಮ ಸಂಘದ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಒಬ್ಬರಿಗೆ ಮಾನಸಿಕ ಕಾಯಿಲೆ ಇದೆ ಎಂದು ನಿರ್ಧಾರವಾದ ಮಾತ್ರಕ್ಕೆ ಅವರ ಬುದ್ಧಿ ಸ್ವಸ್ಥವಾಗಿಲ್ಲ ಎಂದು ಅರ್ಥವಲ್ಲ, ಹಾಗೆಂದು ಕೋರ್ಟು ಘೋಷಿಸಬೇಕು. ಹಿಂದೆ ಚಿಕಿತ್ಸೆ ಪಡೆದಿದ್ದರು ಅನ್ನುವುದೊಂದರಿಂದಲೇ ಈಗ ಕಾಯಿಲೆ ಇದೆ ಅನ್ನಲಾಗದು. ಊರಿನ ರೀತಿರಿವಾಜಿಗೆ ಹೊಂದಿಕೊಳ್ಳಲಿಲ್ಲ ಎಂಬ ಕಾರಣಕ್ಕೆ ಕಾಯಿಲೆ ಎಂದು ತೀರ್ಮಾನಿಸುವಂತಿಲ್ಲ. ಚಿಕಿತ್ಸೆಯ ವಿವರ ಗುಟ್ಟಾಗಿ ಇರಬೇಕು ಅನ್ನುವ ಹಕ್ಕೂ ಅದರಲ್ಲಿದೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆ ವಿಚ್ಛೇದನಕ್ಕೆ ಒಂದು ಕಾರಣ ಎಂದು ಇರುವುದು ನಿಜ. ಆದರೆ 1988ರಲ್ಲೇ, ರಾಮ್ ನಾರಾಯಣ್ ಗುಪ್ತ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕಾಯಿಲೆಯ ಹೆಸರು ಹೇಳಿದರೆ ಸಾಲದು, ಜೊತೆಗೆ ಬಾಳಲಾಗದಷ್ಟು ಅದು ತೀವ್ರವಾಗಿದೆ ಎಂದು ಸಾಬೀತಾಗಬೇಕು ಎಂದಿತು. ಅಲ್ಲಿ ಹೇಳಿದ್ದ ಕಾಯಿಲೆ ಖಿನ್ನತೆಗಿಂತ ದೊಡ್ಡದು, ಸ್ಕಿಜೋಫ್ರೀನಿಯಾ. ಮದುವೆಯಾದ ಮೇಲೆ ಬಂದ ಕಾಯಿಲೆಯನ್ನು ಮದುವೆಗೆ ಮುಂಚೆ ಮುಚ್ಚಿಟ್ಟರು ಅನ್ನುವುದಂತೂ ಎಂಥಾ ಲೆಕ್ಕ?

ಇನ್ನೊಂದು ಮಗ್ಗುಲೂ ಇದೆ. ಆಸ್ಪತ್ರೆಯ ಚೀಟಿ ನಮ್ಮ ಆಯುಧವೂ ಹೌದು. ವೈದ್ಯರಿಗೆ “ಬಿದ್ದೆ” ಅನ್ನಬೇಡಿ, ಯಾರು ಹೊಡೆದರು, ಎಷ್ಟು ದಿನದಿಂದ ಎಂದು ಹೇಳಿ ಬರೆಸಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಮಾನಸಿಕ ಹಿಂಸೆಯೂ ಹಿಂಸೆ. ಅದರ 20ನೇ ಕಲಮಿನಲ್ಲಿ ಚಿಕಿತ್ಸೆಯ ಖರ್ಚು, 22ರಲ್ಲಿ ಮಾನಸಿಕ ಯಾತನೆಗೆ ಪರಿಹಾರ ಕೇಳಬಹುದು. ಹಳೆಯ 498ಎ ಈಗ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಾಗಿದೆ, 2024ರ ಜುಲೈ 1ರಿಂದ. ಅಲ್ಲೂ ಕ್ರೌರ್ಯವೆಂದರೆ ಮೈಗೆ ಆದ ಹಾನಿ ಮಾತ್ರವಲ್ಲ, ಮನಸ್ಸಿನ ಆರೋಗ್ಯಕ್ಕೆ ಆದ ಹಾನಿಯೂ ಸೇರಿದೆ.

ಆ ಹೆಣ್ಣುಮಗಳು ಸಂಘದ ಇಬ್ಬರ ಜೊತೆ ಮತ್ತೆ ಆಸ್ಪತ್ರೆಗೆ ಹೋದಳು. ನಮ್ಮ ವಕೀಲೆ ನೋಟಿಸಿಗೆ ಉತ್ತರ ಬರೆದರು, ಹಿಂಸೆ ತಡೆ ಕಾಯ್ದೆಯಲ್ಲಿ ಅರ್ಜಿ ಹಾಕಿದರು. ಮೊಕದ್ದಮೆ ಇನ್ನೂ ನಡೆಯುತ್ತಿದೆ. ಮಗು ಅವಳ ಹತ್ತಿರವೇ ಇದೆ. ಮಾತ್ರೆಯನ್ನು ವೈದ್ಯರು ಕಡಿಮೆ ಮಾಡುತ್ತಾ ಬಂದಿದ್ದಾರೆ.

ಸಂಘಗಳಿಗೆ ನನ್ನ ಒಂದು ಬೇಡಿಕೆ. ಯಾರಾದರೂ ಮೂರು ವಾರ ಸಭೆಗೆ ಬರದಿದ್ದರೆ, ಕಂತು ಕಟ್ಟದಿದ್ದರೆ, ದಂಡ ಬರೆಯುವ ಮುಂಚೆ ಇಬ್ಬರು ಅವಳ ಮನೆಗೆ ಹೋಗಿ. ಸೋಮಾರಿ ಅನ್ನುವ ಮುಂಚೆ ನಿದ್ದೆ ಬರುತ್ತದೆಯೇ ಎಂದು ಕೇಳಿ. ಸಾಯಬೇಕು ಅನಿಸುತ್ತದೆಯೇ ಎಂದೂ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಅನ್ನುವುದು ತಪ್ಪು ತಿಳುವಳಿಕೆ, ಎಷ್ಟೋ ಸಲ ಅವಳು ಅತ್ತು ಹಗುರಾಗುತ್ತಾಳೆ. ಹೌದು ಅಂದರೆ ಒಬ್ಬಳನ್ನೇ ಬಿಡಬೇಡಿ, ಮನೆಯಲ್ಲಿರುವ ಕ್ರಿಮಿನಾಶಕವನ್ನು ಹೊರಗೆ ಸಾಗಿಸಿ, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಆತ್ಮಹತ್ಯೆಗೆ ಯತ್ನಿಸಿದವಳ ಮೇಲೆ ಕೇಸು ಬೀಳುತ್ತದೆ ಎಂದು ಹೆದರಿಸುವವರ ಮಾತು ಕೇಳಬೇಡಿ. 2017ರ ಕಾಯ್ದೆಯ ಪ್ರಕಾರ ಅವಳು ತೀವ್ರ ಒತ್ತಡದಲ್ಲಿದ್ದಳೆಂದೇ ಭಾವಿಸಬೇಕು, ಅವಳಿಗೆ ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ.

ಎಲ್ಲಿಗೆ ಹೋಗುವುದು? ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಹೋಗಿ ಬರಲು ಇಲ್ಲಿಂದ ಒಂದು ದಿನದ ಕೂಲಿ ಹೋಗುತ್ತದೆ, 2023ರಿಂದ ಸರ್ಕಾರಿ ಬಸ್ಸಿಗೆ ನಮಗೆ ದುಡ್ಡು ಕೊಡಬೇಕಾಗಿಲ್ಲ ಅನ್ನುವುದೊಂದೇ ಸಮಾಧಾನ. ಅಷ್ಟು ದೂರ ಹೋಗುವ ಮುಂಚೆ ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ‘ಮನೋಚೈತನ್ಯ’ ಯಾವ ಮಂಗಳವಾರ ಎಂದು ಕೇಳಿ, ಅಂದು ಮನೋವೈದ್ಯರು ಅಲ್ಲಿಗೇ ಬರುವ ಕಾರ್ಯಕ್ರಮವದು. ಬರದಿದ್ದರೆ ಯಾಕೆ ಬರಲಿಲ್ಲ ಎಂದು ಸಂಘದ ಲೆಟರ್‌ಹೆಡ್‌ನಲ್ಲಿ ಬರೆದು ಕೇಳಿ. 14416 ಟೆಲಿಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ದುಡ್ಡಿಲ್ಲ, ಹಗಲೂ ರಾತ್ರಿ ಕನ್ನಡದಲ್ಲಿ ಮಾತಾಡುತ್ತಾರೆ. ಹಿಂಸೆಗೆ 181, ಪೊಲೀಸರು ತಕ್ಷಣ ಬೇಕಾದರೆ 112. ಹಿಂಸೆ ತಡೆ ಕಾಯ್ದೆಯ ಸಂರಕ್ಷಣಾಧಿಕಾರಿ ನಿಮ್ಮ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ, ಅಂಗನವಾಡಿ ಟೀಚರನ್ನು ಕೇಳಿದರೆ ಕಚೇರಿ ತೋರಿಸುತ್ತಾರೆ. ಓದುವವರಿಗೆ ಡಾ. ಸಿ. ಆರ್. ಚಂದ್ರಶೇಖರ್ ಅವರು ಕನ್ನಡದಲ್ಲಿ ಬರೆದ ಎಷ್ಟೋ ಸಣ್ಣ ಪುಸ್ತಕಗಳಿವೆ, ಗ್ರಂಥಾಲಯದಲ್ಲಿ ಕೇಳಿ ತಂದು ಸಭೆಯಲ್ಲಿ ಒಬ್ಬರು ಓದಿ ಹೇಳಬಹುದು.

ನೆಲಮಂಗಲದ ಕಡೆಯವರಿಗೆ ಬಸ್ಸಿಗೆ ಹೊತ್ತಾಗುತ್ತದೆ ಅಂತ ಚೀಟಿ ಬಂದಿದೆ. ಎಲ್ಲರೆದುರು ಕೇಳಲಾಗದ ಪ್ರಶ್ನೆ ಇದ್ದವರು ನಾನು ಆ ಕೋಣೆಯಲ್ಲಿ ಕೂತಿರುತ್ತೇನೆ, ಒಬ್ಬೊಬ್ಬರಾಗಿ ಬನ್ನಿ. ಹಳೆಯ ಮಾತ್ರೆಯ ಪಟ್ಟಿ ಕೈಯಲ್ಲಿದ್ದರೆ ತನ್ನಿ.